ಎಸ್. ಎಂ. ಪಂಡಿತರ ಚಿತ್ರಗಳು ಮತ್ತು ಸಣ್ಣ ಊರುಗಳ ಚಾರಿತ್ರಿಕ ಭಿತ್ತಿಚಿತ್ರಗಳು: ಒಂದು ವಿವೇಚನೆ

1

ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿಯೂ ತಾಲ್ಲೂಕು ಪಟ್ಟಣಗಳಲ್ಲಿಯೂ ಸಂಚರಿಸುವವರು ಶಾಲೆಯ ಆವರಣದ ಗೋಡೆ, ಸರಕಾರಿ ಕಚೇರಿಯ ಪೌಳಿ, ಬಸ್ ನಿಲ್ದಾಣದ ಪಕ್ಕೆ ಇವುಗಳ ಮೇಲೆ ಆಳೆತ್ತರಕ್ಕೂ ಮೀರಿದ ಚಾರಿತ್ರಿಕ ಚಿತ್ರಗಳನ್ನು ಕಾಣದೆ ಇರಲಾರರು. ಒನಕೆಯೆತ್ತಿದ ಓಬವ್ವ, ಕುದುರೆಯೇರಿದ ಕಿತ್ತೂರು ಚೆನ್ನಮ್ಮ, ಖಡ್ಗ ಹಿರಿದ ಸಂಗೊಳ್ಳಿ ರಾಯಣ್ಣ, ಇಮ್ಮಡಿ ಪುಲಕೇಶಿ, ಕೃಷ್ಣದೇವರಾಯ ಇವರು ಈ ಗೋಡೆಗಳ ಸಾಮಾನ್ಯ ನಾಯಕರು. ಇವುಗಳ ಬಗೆಗೆ ನಮ್ಮ ವಿದ್ವತ್ತು ಬಹುಮಟ್ಟಿಗೆ ಮೌನವಾಗಿದೆ. ಕಲಾವಿಮರ್ಶಕರಿಗೆ ಇವು ಕಲೆಯಲ್ಲ. ಇತಿಹಾಸಕಾರರಿಗೆ ಇವು ಆಕರವಲ್ಲ. ಸಾಹಿತ್ಯ ಸಂಶೋಧಕರಿಗೆ ಇವು ತಮ್ಮ ಕ್ಷೇತ್ರಕ್ಕೆ ಸೇರಿದವೇ ಅಲ್ಲ. ಹೀಗೆ ಮೂರು ಶಿಸ್ತುಗಳ ನಡುವೆ ಯಾರಿಗೂ ಬೇಡವಾಗಿ ಉಳಿದಿರುವ ಈ ಚಿತ್ರಗಳೇ ನಮ್ಮ ನಾಡಿನ ಬಹುಸಂಖ್ಯಾತರು ಇತಿಹಾಸವನ್ನು ಮೊದಲು ಕಾಣುವ ಸ್ಥಳವೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಪ್ರಸ್ತುತ ಲೇಖನದಲ್ಲಿ ನಾವು ಈ ಭಿತ್ತಿಚಿತ್ರಗಳ ರೂಪದ ಮೂಲವನ್ನು ಕಲಬುರಗಿಯ ಚಿತ್ರಕಾರ ಎಸ್. ಎಂ. ಪಂಡಿತರ (1916–1993) ಕೃತಿಗಳವರೆಗೆ ಹಿಂಬಾಲಿಸಿ, ಬಳಿಕ ಅವುಗಳ ಅರ್ಥವನ್ನು ನಮ್ಮ ಪ್ರಾಚೀನ ಸಾಹಿತ್ಯದ ಒಂದು ಪರಿಚಿತ ಪದ್ಧತಿಯ ಬೆಳಕಿನಲ್ಲಿ ವಿವೇಚಿಸಲು ಬಯಸುತ್ತೇವೆ. ಗೋಡೆಯ ಮೇಲಿನ ವ್ಯಕ್ತಿಗೆ ಇತಿಹಾಸವು ಕೊಟ್ಟಿರುವುದು ಹೆಸರನ್ನು. ದೇಹವನ್ನು ಕೊಟ್ಟಿರುವುದು ಪುರಾಣ. ಇದನ್ನು ದೋಷವೆಂದು ಬದಿಗೊತ್ತುವ ಮೊದಲು, ಇದು ಕನ್ನಡದ ಅತ್ಯಂತ ಹಳೆಯ ಕಾವ್ಯಪದ್ಧತಿಗೆ ಸಮೀಪವಾದುದೆಂಬುದನ್ನು ನಾವು ಒಪ್ಪಬೇಕಾಗುತ್ತದೆ. ಒಪ್ಪಿದ ಮೇಲೆ ಅದರ ಅಪಾಯವನ್ನೂ ಹೇಳಬೇಕಾಗುತ್ತದೆ.

ಹೊರನಾಡಿನ ಸಂಶೋಧಕರ ಮುಂದೆ ಈ ವಿಷಯವನ್ನು ಇಡಲು ಒಂದು ವಿಶೇಷ ಕಾರಣವಿದೆ. ಈ ಚಿತ್ರಗಳ ಕಥೆ ಕರ್ನಾಟಕದ ಗಡಿಯೊಳಗೆ ಮುಗಿಯುವುದಿಲ್ಲ. ಅದರ ಅರ್ಧಭಾಗ ಮುಂಬಯಿಯಲ್ಲಿದೆ. ಕೊಯಮತ್ತೂರಿನಿಂದ ಹೊರಟು ಬೆಂಗಳೂರು, ರಾಯಚೂರು, ಕಲಬುರಗಿ, ಸೊಲ್ಲಾಪುರಗಳ ಮಾರ್ಗವಾಗಿ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸನ್ನು ಸೇರುವ ರೈಲನ್ನು ಕನ್ನಡಿಗರು ಇಂದಿಗೂ ‘ಕುರ್ಲಾ ಎಕ್ಸ್‌ಪ್ರೆಸ್’ ಎಂದೇ ಕರೆಯುತ್ತಾರೆ. ಮುಂಬಯಿಯಿಂದ ಆಗ್ನೇಯಕ್ಕೆ ಸಾಗಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ಮದರಾಸಿನ ಮಾರ್ಗವನ್ನು ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಅಂದಿನಿಂದ ಕಲಬುರಗಿ ಪ್ರಾಂತದ ಜನರಿಗೆ ಬೆಂಗಳೂರಿಗಿಂತ ಮುಂಬಯಿಯೇ ಹತ್ತಿರದ ಮಹಾನಗರವಾಯಿತು. ಈ ಹಳಿಯ ಮೇಲೆ ಕೂಲಿಗೆ ಹೋದವರು, ಓದಲು ಹೋದವರು, ಹೋಟೆಲುಗಳಲ್ಲಿ ದುಡಿಯಲು ಹೋದವರು ಅನೇಕರು. ಚಿತ್ರ ಬರೆಯಲು ಹೋದ ಒಬ್ಬನ ಕೈಯಿಂದ ಹೊರಟ ರೂಪಗಳು ಅದೇ ಹಳಿಯ ಮೇಲೆ ಹಿಂದಿರುಗಿ ಬಂದವು.

2

ಸಾಂಬಾನಂದ ಮೋನಪ್ಪ ಪಂಡಿತರು ಹುಟ್ಟಿದಾಗ ಕಲಬುರಗಿಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಊರಿನಲ್ಲಿಯೇ ಶಂಕರರಾವ್ ಆಳಂದಕರ ಅವರಲ್ಲಿ ಮೊದಲ ಪಾಠಗಳನ್ನು ಕಲಿತು ಮುಂಬಯಿಗೆ ಹೋದ ತರುಣನಿಗೆ ಅಲ್ಲಿ ದೊರೆತ ಆಶ್ರಯಗಳಲ್ಲಿ ನೂತನ ಕಲಾಮಂದಿರವೂ ಒಂದು. ಇದನ್ನು ನಡೆಸುತ್ತಿದ್ದ ಜಿ. ಎಸ್. ದಂಡಾವತಿಮಠ ಅವರು ಕನ್ನಡಿಗರು. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದ ಕೆ. ಕೆ. ಹೆಬ್ಬಾರರು (1911–1996) ಸಹ ಜೆ. ಜೆ. ಕಲಾಶಾಲೆಯನ್ನು ಸೇರುವ ಮೊದಲು ಇಲ್ಲಿಯೇ ಅಭ್ಯಾಸ ಮಾಡಿದರು. ಒಂದೇ ಶಾಲೆಯ ಬಾಗಿಲನ್ನು ಹಾದುಹೋದ ಇಬ್ಬರು ಕನ್ನಡಿಗರು ಎರಡು ವಿರುದ್ಧ ದಿಕ್ಕುಗಳಿಗೆ ನಡೆದುದು ನಮ್ಮ ಕಲಾ ಚರಿತ್ರೆಯ ಗಮನಾರ್ಹ ಸಂಗತಿಯಾಗಿದೆ. ಹೆಬ್ಬಾರರು ಪ್ರದರ್ಶನಾಲಯಕ್ಕೆ, ಆಧುನಿಕತೆಗೆ, ಪದ್ಮಭೂಷಣ (1989) ಮೊದಲಾದ ರಾಷ್ಟ್ರಮನ್ನಣೆಗೆ ಸಂದರು. ಪಂಡಿತರು ಚಿತ್ರಮಂದಿರದ ಮುಂಗಟ್ಟಿಗೆ, ಪತ್ರಿಕೆಯ ಮುಖಪುಟಕ್ಕೆ, ಕ್ಯಾಲೆಂಡರಿಗೆ ಸಂದರು. ಹೆಬ್ಬಾರರ ಬಗೆಗೆ ವಿಮರ್ಶೆ ಬೆಳೆಯಿತು. ಪಂಡಿತರ ಚಿತ್ರಗಳು ವಿಮರ್ಶೆಯ ಹಂಗಿಲ್ಲದೆ ಮನೆಮನೆಗೆ ಹೋದವು.

ಮುಂಬಯಿಯ ಮೆಟ್ರೊ ಚಿತ್ರಮಂದಿರವು 1938ರಲ್ಲಿ ತೆರೆದಾಗ ಅಲ್ಲಿ ಪ್ರದರ್ಶಿತವಾಗುತ್ತಿದ್ದ ಎಂ. ಜಿ. ಎಂ. ಸಂಸ್ಥೆಯ ಅಮೆರಿಕನ್ ಚಲನಚಿತ್ರಗಳಿಗೆ ಪಂಡಿತರು ಪ್ರಚಾರಚಿತ್ರಗಳನ್ನು ಬರೆದರು. ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳು ಅವರ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದವು. ರಾಜ್ ಕಪೂರರ ‘ಬರಸಾತ್’ (1949) ಚಿತ್ರದ ಭಿತ್ತಿಪತ್ರವೂ ಅವರ ಕುಂಚದ್ದೇ. ಆ ಚಿತ್ರದ ಒಂದು ಭಂಗಿ, ಎಂದರೆ ಒಂದು ತೋಳಿನಲ್ಲಿ ನಾಯಿಕೆಯನ್ನೂ ಇನ್ನೊಂದು ಕೈಯಲ್ಲಿ ಪಿಟೀಲನ್ನೂ ಹಿಡಿದ ನಾಯಕನ ಆಕೃತಿ, ಆರ್. ಕೆ. ಸಂಸ್ಥೆಯ ಲಾಂಛನವಾಗಿ ಕುರ್ಲಾದ ನೆರೆಯ ಚೆಂಬೂರಿನ ಸ್ಟುಡಿಯೋದ ಮುಂದೆ ದಶಕಗಳ ಕಾಲ ನಿಂತಿತು. ಆ ಸ್ಟುಡಿಯೋ 2017ರ ಬೆಂಕಿಯ ತರುವಾಯ ಮಾರಾಟವಾಗಿ ಈಗ ಇಲ್ಲ. ಲಾಂಛನ ಮಾತ್ರ ಜನರ ನೆನಪಿನಲ್ಲಿ ಉಳಿದಿದೆ. ಒಂದು ಭಂಗಿಯು ತನ್ನ ಕಥೆಯಿಂದ ಬಿಡಿಸಿಕೊಂಡು ಸ್ವತಂತ್ರವಾಗಿ ಸಂಚರಿಸಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ನಮ್ಮ ಭಿತ್ತಿಚಿತ್ರಗಳ ಕಥೆಯೂ ಇಂತಹ ಸಂಚಾರದ ಕಥೆಯೇ.

ಮುಂದಿನ ವರ್ಷಗಳಲ್ಲಿ ಪಂಡಿತರು ಹೆಚ್ಚಾಗಿ ಬರೆದದ್ದು ಪುರಾಣದ ಚಿತ್ರಗಳನ್ನು. ರಾಧಾಕೃಷ್ಣರು, ವಿಶ್ವಾಮಿತ್ರ ಮೇನಕೆಯರು, ನಳ ದಮಯಂತಿಯರು, ಶಕುಂತಲೆ ಮೊದಲಾದ ಪಾತ್ರಗಳು ಕ್ಯಾಲೆಂಡರುಗಳಲ್ಲಿ ಅಚ್ಚಾಗಿ ಅಂಗಡಿ, ಕ್ಷೌರದಂಗಡಿ, ದೇವರ ಕೋಣೆ, ಹೋಟೆಲುಗಳಿಗೆ ಹರಡಿದವು. ಈ ದಾರಿಯನ್ನು ತೆರೆದವನು ರಾಜಾ ರವಿವರ್ಮ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವನ ಮುದ್ರಣಾಲಯವು ದೇವತೆಗಳಿಗೆ ತೈಲವರ್ಣದ ದೇಹವನ್ನು ಕೊಟ್ಟು ಅಗ್ಗದ ಬೆಲೆಗೆ ಜನರ ಕೈಗಿತ್ತಿತು. ಪಂಡಿತರೂ ಅವರ ಸಮಕಾಲೀನ ರಘುವೀರ ಮುಳಗಾಂವ್ಕರರೂ ಈ ದಾರಿಯಲ್ಲಿ ಎರಡನೆಯ ಘಟ್ಟದವರು. ಆದರೆ ಪಂಡಿತರ ದೇಹಕಲ್ಪನೆ ರವಿವರ್ಮನದಲ್ಲ. ನಮ್ಮ ವಿವೇಚನೆಗೆ ಈ ವ್ಯತ್ಯಾಸವೇ ಮುಖ್ಯ.

3

ರವಿವರ್ಮನ ನಾಯಕ ನಾಯಿಕೆಯರು ರಂಗಮಂಚದ ಮೇಲೆ ನಿಂತವರು. ಅವರ ಸುತ್ತ ಪರದೆ, ಕಂಬ, ಉದ್ಯಾನ ಇರುತ್ತವೆ. ಪ್ರೇಕ್ಷಕನು ಸಮಾನ ಎತ್ತರದಲ್ಲಿ, ಸ್ವಲ್ಪ ದೂರದಲ್ಲಿ ಕುಳಿತು ಅವರನ್ನು ನೋಡುತ್ತಾನೆ. ಪಂಡಿತರ ಪಾತ್ರಗಳಾದರೋ ಕ್ಯಾಮೆರಾದ ಮುಂದೆ ನಿಂತವರು. ನೋಟದ ನೆಲೆ ಕೆಳಗಿರುವುದರಿಂದ ದೇಹ ಮೇಲೆದ್ದು ನಿಲ್ಲುತ್ತದೆ. ಬೆಳಕು ಬೆನ್ನಹಿಂದಿನಿಂದ ಬಂದು ಕೂದಲು, ಭುಜ, ಆಭರಣಗಳ ಅಂಚನ್ನು ಬೆಳಗುತ್ತದೆ. ಪುರುಷನ ಎದೆ ಮತ್ತು ತೋಳುಗಳ ಸ್ನಾಯುಗಳು ಬಿಡಿಬಿಡಿಯಾಗಿ ಎದ್ದು ಕಾಣುತ್ತವೆ. ಸ್ತ್ರೀಯ ವಸ್ತ್ರ ಗಾಳಿಗೆ ಸಿಲುಕಿ ಮೈಗೆ ಅಂಟುತ್ತದೆ. ಹಿನ್ನೆಲೆಯು ಮೋಡ, ನೀರು, ಬೆಟ್ಟ ಇವುಗಳ ತೆಳು ಸೂಚನೆಯಾಗಿ ಹಿಂದೆ ಸರಿಯುತ್ತದೆ. ಪಾಶ್ಚಾತ್ಯ ಶೈಕ್ಷಣಿಕ ಚಿತ್ರವಿಧಾನದ ಅಂಗರಚನಾ ಜ್ಞಾನ, ಹಾಲಿವುಡ್ ಪ್ರಚಾರಚಿತ್ರದ ಬೆಳಕು, ಭಾರತೀಯ ಪುರಾಣದ ವಸ್ತು ಈ ಮೂರೂ ಇಲ್ಲಿ ಬೆರೆತಿವೆ.

ಈ ಸಮ್ಮಿಶ್ರಣದ ಬೆಲೆಕಟ್ಟುವಾಗ ಎರಡು ಮಾತುಗಳನ್ನು ಹೇಳಬೇಕು. ಮೊದಲನೆಯದಾಗಿ, ಪಂಡಿತರ ಕೈ ಅಸಾಧಾರಣವಾದುದು. ಪೋಸ್ಟರ್ ಬಣ್ಣದಂತಹ ಅಪಾರದರ್ಶಕ ಮಾಧ್ಯಮದಲ್ಲಿ ಚರ್ಮದ ಬಿಸುಪನ್ನು, ನೀರಿನ ತೇವವನ್ನು, ಲೋಹದ ಹೊಳಪನ್ನು ಬೇರೆಬೇರೆಯಾಗಿ ತೋರಿಸುವುದು ಸುಲಭದ ಕೆಲಸವಲ್ಲ. ಎರಡನೆಯದಾಗಿ, ಈ ಕೌಶಲವು ಮನಸ್ಸಿನ ಒಳಗನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ಘಟನೆಯ ಶಿಖರವನ್ನು ಹಿಡಿಯುವುದಕ್ಕೆ ವಿನಿಯೋಗವಾಯಿತು. ಅವರ ವಿಶ್ವಾಮಿತ್ರನ ಮುಖದಲ್ಲಿ ತಪಸ್ಸಿನ ವರ್ಷಗಳನ್ನು ನಾವು ಕಾಣುವುದಿಲ್ಲ; ತಪಸ್ಸು ಕೆಡುವ ಕ್ಷಣವನ್ನು ಮಾತ್ರ ಕಾಣುತ್ತೇವೆ. ಪ್ರಚಾರಚಿತ್ರದ ಧರ್ಮವೇ ಅದು. ಬೀದಿಯಲ್ಲಿ ನಡೆದುಹೋಗುವವನನ್ನು ಒಂದು ನೋಟದಲ್ಲಿ ತಡೆದು ನಿಲ್ಲಿಸಬೇಕು. ಗೋಡೆಯ ಮೇಲಿನ ಚಿತ್ರಕ್ಕೂ ಅದೇ ಬೇಕು. ಪಂಡಿತರ ಭಾಷೆಯು ಸಣ್ಣ ಊರಿನ ಗೋಡೆಗೆ ಒಗ್ಗಿದ್ದು ಆಕಸ್ಮಿಕವಲ್ಲ.

4

ಈ ಭಾಷೆ ಗೋಡೆಯನ್ನು ತಲುಪಿದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಕ್ಯಾಲೆಂಡರು ತಿಂಗಳು ಮುಗಿದರೂ ಎಸೆಯದ ವಸ್ತು. ಪಟ್ಟಣದ ನಾಮಫಲಕ ಬರೆಯುವವನಿಗೆ, ನಾಟಕ ಕಂಪನಿಯ ಪರದೆ ಬರೆಯುವವನಿಗೆ, ಟಾಕೀಸಿನ ಬ್ಯಾನರ್ ಬರೆಯುವವನಿಗೆ ಅದೇ ಮಾದರಿಯ ಪುಸ್ತಕ. ಅಚ್ಚಿನ ಚಿತ್ರದ ಮೇಲೆ ಚೌಕಗಳನ್ನೆಳೆದು, ಗೋಡೆಯ ಮೇಲೆ ಅದೇ ಸಂಖ್ಯೆಯ ದೊಡ್ಡ ಚೌಕಗಳನ್ನು ಹಾಕಿ, ಒಂದೊಂದು ಚೌಕವನ್ನೂ ಹಿಗ್ಗಿಸಿ ತುಂಬುವುದು ಇವರ ವಿಧಾನ. ಈ ವಿಧಾನದಲ್ಲಿ ಶಾಲೆಯ ಶಿಕ್ಷಣವಿಲ್ಲದ ಕೈಗೂ ದೇಹದ ಪ್ರಮಾಣ ತಪ್ಪದೆ ಸಿಗುತ್ತದೆ. ಎರಡು ಮೂರು ಚಿತ್ರಗಳನ್ನು ಬೆಸೆಯಲೂ ಸಾಧ್ಯವಾಗುತ್ತದೆ: ಒಂದರ ಮುಂಡ, ಇನ್ನೊಂದರ ಕುದುರೆ, ಮತ್ತೊಂದರ ಆಕಾಶ. ಇಂತಹ ಚಿತ್ರಕಾರರೆಲ್ಲರೂ ಪಂಡಿತರ ಹೆಸರನ್ನು ಕೇಳಿದ್ದರೆಂದು ನಾವು ವಾದಿಸುತ್ತಿಲ್ಲ. ಹೆಸರು ತಿಳಿಯದೆಯೇ ಒಬ್ಬನ ಭಾಷೆಯನ್ನು ಆಡುವುದು ಪರಂಪರೆಯ ಲಕ್ಷಣ.

ಎರಡು ಸಾವಿರದ ಆಸುಪಾಸಿನಲ್ಲಿ ಗಣಕಯಂತ್ರದಿಂದ ಮುದ್ರಿತವಾದ ಫ್ಲೆಕ್ಸ್ ಬಂದು ಕೈಬರಹದ ಬ್ಯಾನರಿನ ವೃತ್ತಿಯನ್ನು ಕೆಲವೇ ವರ್ಷಗಳಲ್ಲಿ ಅಳಿಸಿಹಾಕಿತು. ಹೀಗೆ ಕೆಲಸ ಕಳೆದುಕೊಂಡ ಕೈಗಳಿಗೆ ಒಂದು ಅನಿರೀಕ್ಷಿತ ಗೋಡೆ ದೊರೆಯಿತು. 2009ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ನಗರದ ಗೋಡೆಗಳಿಂದ ಭಿತ್ತಿಪತ್ರಗಳನ್ನು ದೂರವಿಡುವ ಉದ್ದೇಶದಿಂದ ಅವುಗಳ ಮೇಲೆ ನಾಡಿನ ಇತಿಹಾಸ, ಸ್ಮಾರಕ, ನಿಸರ್ಗಗಳ ಚಿತ್ರಗಳನ್ನು ಬರೆಸಿತು. ಕುಂಚ ಹಿಡಿದವರು ಬಹುಮಟ್ಟಿಗೆ ಸಿನಿಮಾ ಬ್ಯಾನರಿನ ಕಲಾವಿದರು. ಸಮಕಾಲೀನ ಕಲೆಯ ವಲಯದಿಂದ ಇದಕ್ಕೆ ಟೀಕೆಗಳೂ ಬಂದವು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಮುಂಬಯಿಯಲ್ಲಿ, ಮಾಹೀಮ್ ದಾದರುಗಳ ನಡುವಿನ ಸೇನಾಪತಿ ಬಾಪಟ್ ಮಾರ್ಗದ ಉದ್ದನೆಯ ಗೋಡೆಯನ್ನು ನೂರಾರು ಮಂದಿ ನಾಗರಿಕರು ತಮತಮಗೆ ತೋಚಿದ ಚಿತ್ರಗಳಿಂದ ತುಂಬಿದರು. ಈ ಎರಡು ಗೋಡೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಮುಂಬಯಿಯ ಗೋಡೆಯಲ್ಲಿ ಪ್ರತಿಯೊಬ್ಬನೂ ತನ್ನನ್ನು ಬರೆದುಕೊಂಡನು. ಬೆಂಗಳೂರಿನ ಗೋಡೆಯಲ್ಲಿ ವೃತ್ತಿಕಲಾವಿದನು ನಾಡನ್ನು ಬರೆದನು. ಬಳಿಕ ಜಿಲ್ಲೆ ತಾಲ್ಲೂಕುಗಳಿಗೆ ಹರಡಿದ್ದು ಎರಡನೆಯ ಮಾದರಿಯೇ. ಇತಿಹಾಸದ ವಸ್ತುವನ್ನು ಆಡಳಿತವು ಕೊಟ್ಟಿತು. ಆದರೆ ಅದನ್ನು ಬರೆಯಲು ಕಲಾವಿದನ ಬಳಿ ಇದ್ದದ್ದು ಕ್ಯಾಲೆಂಡರು ಮತ್ತು ಸಿನಿಮಾಗಳು ಕಲಿಸಿದ ದೇಹ ಮಾತ್ರ.

5

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರಬಹುದು. ಹತ್ತೊಂಬತ್ತನೆಯ ಶತಮಾನದ ಸಂಗೊಳ್ಳಿ ರಾಯಣ್ಣನಿಗೆ ಪುರಾಣದ ಭೀಮನ ತೋಳುಗಳನ್ನು ಕೊಡುವುದು ಇತಿಹಾಸಕ್ಕೆ ಬಗೆದ ದ್ರೋಹವೆ?

ಮಧ್ಯಕಾಲೀನ ಸಾಹಿತ್ಯವನ್ನು ಓದಿದವರಿಗೆ ಈ ಪ್ರಶ್ನೆಯ ಸ್ವರೂಪ ಹೊಸದಲ್ಲ. ಪಂಪನು 941ರಲ್ಲಿ ತನ್ನ ಭಾರತ ಕಥೆಯನ್ನು ರಚಿಸುವಾಗ ತನ್ನ ಆಶ್ರಯದಾತ ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿದನು. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನನು ಚಾಲುಕ್ಯ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡನು. ‘ಗದಾಯುದ್ಧ’ಕ್ಕೆ ‘ಸಾಹಸಭೀಮವಿಜಯ’ವೆಂಬ ಇನ್ನೊಂದು ಹೆಸರಿರುವುದು ಇದರಿಂದಲೇ. ವರ್ತಮಾನದ ವ್ಯಕ್ತಿಗೆ ಪುರಾಣದ ದೇಹವನ್ನು ತೊಡಿಸಿ, ಆ ಮೂಲಕ ಎರಡನ್ನೂ ಏಕಕಾಲದಲ್ಲಿ ನೋಡುವ ಈ ಕ್ರಮವನ್ನು ನಾವು ಕವಿಯ ಅಜ್ಞಾನವೆಂದು ಎಂದೂ ಕರೆದಿಲ್ಲ. ಅದನ್ನು ಕಾವ್ಯದ ರಚನಾತತ್ತ್ವವೆಂದೇ ಅಭ್ಯಸಿಸಿದ್ದೇವೆ. ಹಾಗಾದರೆ ಗೋಡೆಯ ಚಿತ್ರಕಾರನು ಅದನ್ನೇ ಮಾಡಿದಾಗ ಅಭಿರುಚಿಹೀನತೆಯೆಂದು ಕರೆಯುವುದಕ್ಕೆ ನಮಗೆ ಆಧಾರವೇನು?

ಕಾವ್ಯ ಅರಮನೆಯದು, ಗೋಡೆ ಬೀದಿಯದು ಎಂಬ ಆಕ್ಷೇಪ ಬರಬಹುದು. ಅದಕ್ಕೆ ಉತ್ತರವಾಗಿ ವೀರಗಲ್ಲುಗಳಿವೆ. ಕರ್ನಾಟಕದ ಸಣ್ಣ ಊರುಗಳ ಅತ್ಯಂತ ಪ್ರಾಚೀನ ಚಾರಿತ್ರಿಕ ಚಿತ್ರಗಳೆಂದರೆ ಇವೇ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕೊಂಡೊಯ್ಯುವುದು, ಮೇಲೆ ಕೈಲಾಸ ಅಥವಾ ಸ್ವರ್ಗದ ಸನ್ನಿಧಿ. ಈ ವಿನ್ಯಾಸ ಊರಿಂದೂರಿಗೆ ಪುನರಾವರ್ತನೆಯಾಗುತ್ತದೆ. ವೀರನ ಮುಖದಲ್ಲಿ ಅವನಿಗೇ ವಿಶಿಷ್ಟವಾದ ಲಕ್ಷಣವನ್ನು ಹುಡುಕುವುದು ವ್ಯರ್ಥ. ಅವನನ್ನು ಬೇರೆಯವರಿಂದ ಬೇರ್ಪಡಿಸುವುದು ಶಾಸನದ ಅಕ್ಷರಗಳು. ಆತಕೂರಿನ ಹತ್ತನೆಯ ಶತಮಾನದ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ನಾಯಿಗೂ ‘ಕಾಳಿ’ ಎಂಬ ಹೆಸರು ದಾಖಲಾಗಿದೆ. ರೂಪ ಸಾಮಾನ್ಯವಾದದ್ದು, ಹೆಸರು ವಿಶೇಷವಾದದ್ದು. ಸಾಮಾನ್ಯ ರೂಪದೊಳಗೆ ವಿಶೇಷ ಹೆಸರನ್ನು ಇರಿಸುವುದೇ ಸ್ಥಳೀಯ ಸ್ಮೃತಿಯ ವಿಧಾನ. ಇಂದಿನ ಭಿತ್ತಿಚಿತ್ರದಲ್ಲಿಯೂ ದೇಹದ ಕೆಳಗೆ ದಪ್ಪ ಅಕ್ಷರಗಳಲ್ಲಿ ಹೆಸರಿರುತ್ತದೆ. ಆ ಹೆಸರನ್ನು ಅಳಿಸಿದರೆ ಎಷ್ಟೋ ವೇಳೆ ಒಬ್ಬ ರಾಜನನ್ನು ಇನ್ನೊಬ್ಬನಿಂದ ಗುರುತಿಸಲಾಗುವುದಿಲ್ಲ. ಇದು ಚಿತ್ರಕಾರನ ಸೋಲೆಂದು ಕಾಣುವುದು ಭಾವಚಿತ್ರದ ನಿಯಮದಿಂದ ನೋಡಿದಾಗ. ವೀರಗಲ್ಲಿನ ನಿಯಮದಿಂದ ನೋಡಿದಾಗ ಅದು ಪರಂಪರೆಯ ಮುಂದುವರಿಕೆ.

ಇನ್ನೊಂದು ಸಾಮ್ಯವನ್ನು ಇಲ್ಲಿಯೇ ಗುರುತಿಸಬೇಕು. ಹೊಯ್ಸಳ ದೇವಾಲಯಗಳಲ್ಲಿ ಮಲ್ಲಿತಮ್ಮ, ಬಳ್ಳಿಗಾವೆಯ ದಾಸೋಜ ಮೊದಲಾದ ರೂವಾರಿಗಳು ತಮ್ಮ ಹೆಸರನ್ನು ಕೆತ್ತಿಕೊಂಡರು. ಗೋಡೆಯ ಚಿತ್ರಕಾರನೂ ಮೂಲೆಯಲ್ಲಿ ‘ಆರ್ಟ್ಸ್’ ಎಂದು ಕೊನೆಯಾಗುವ ತನ್ನ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಬರೆಯುತ್ತಾನೆ. ರೂವಾರಿಯ ಹೆಸರನ್ನು ನಾವು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಓದುತ್ತೇವೆ. ಈತನ ಹೆಸರು ಮುಂದಿನ ಸುಣ್ಣದ ಬಳಿಕ ಉಳಿಯುವುದಿಲ್ಲ.

6

ಇಷ್ಟನ್ನು ಒಪ್ಪಿದ ಮೇಲೆ ಅಪಾಯದ ಮಾತನ್ನು ಹೇಳದೆ ಇರುವಂತಿಲ್ಲ. ಪಂಪನ ಓದುಗರಿಗೆ ಅರಿಕೇಸರಿ ಬೇರೆ, ಅರ್ಜುನ ಬೇರೆ ಎಂಬುದು ತಿಳಿದಿತ್ತು. ಕಾವ್ಯದ ಸೊಗಸಿರುವುದು ಎರಡೂ ಬೇರೆಯಾಗಿದ್ದು ಒಂದಾಗುವುದರಲ್ಲಿ. ಗೋಡೆಯ ಮುಂದೆ ನಿಂತ ಶಾಲಾಬಾಲಕನಿಗೆ ಈ ದ್ವಿತ್ವ ತಿಳಿದಿರುವುದಿಲ್ಲ. ಅವನ ಪಾಲಿಗೆ ರೂಪಕವು ಸಾಕ್ಷ್ಯವಾಗಿಬಿಡುತ್ತದೆ.

ಇದಕ್ಕೆ ಎರಡು ಉದಾಹರಣೆಗಳನ್ನು ನೋಡಬಹುದು. ಇಮ್ಮಡಿ ಪುಲಕೇಶಿಯು ಪರ್ಷಿಯದ ರಾಯಭಾರಿಯನ್ನು ಬರಮಾಡಿಕೊಳ್ಳುವ ದೃಶ್ಯವು ನಮ್ಮಲ್ಲಿ ಬಹಳ ಪ್ರಚಾರ ಪಡೆದಿದೆ. ಇದರ ಮೂಲ ಅಜಂತದ ಒಂದನೆಯ ಗುಹೆಯ ಒಂದು ವರ್ಣಚಿತ್ರ. ಅದನ್ನು ಪುಲಕೇಶಿಯ ಆಸ್ಥಾನದ ಪ್ರಸಂಗವೆಂದು 1879ರಲ್ಲಿ ಗುರುತಿಸಿದವನು ಜೇಮ್ಸ್ ಫರ್ಗುಸನ್. ಮುಂದಿನ ಸಂಶೋಧನೆ ಆ ಗುಹೆಯನ್ನು ವಾಕಾಟಕ ಹರಿಷೇಣನ ಕಾಲಕ್ಕೆ, ಎಂದರೆ ಐದನೆಯ ಶತಮಾನಕ್ಕೆ ಒಯ್ದಿದೆ; ಪುಲಕೇಶಿಯು ಏಳನೆಯ ಶತಮಾನದವನು. ಹೀಗಿರುವಾಗ ಆ ಗುರುತನ್ನು ಉಳಿಸಿಕೊಳ್ಳುವುದು ಕಷ್ಟ. ಆದರೂ ಚಿತ್ರವು ಪಠ್ಯಕ್ಕೆ, ಪಠ್ಯವು ಮತ್ತೆ ಚಿತ್ರಕ್ಕೆ ಅದನ್ನು ದಾಟಿಸುತ್ತಲೇ ಇದೆ. ಪುಲಕೇಶಿಯ ಬಗೆಗೆ ನಿಶ್ಚಿತವಾದ ಆಧಾರ ನಮ್ಮಲ್ಲಿ ಇಲ್ಲದೆಯೇ ಇಲ್ಲ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಅವನ ದಿಗ್ವಿಜಯವನ್ನು ವರ್ಣಿಸುತ್ತಾನೆ. ಕೊಂಕಣದ ಮೌರ್ಯರ ಮೇಲಿನ ನೌಕಾಯುದ್ಧವೂ ಅದರಲ್ಲಿದೆ. ಪಡುವಣ ಕಡಲಿನ ಹಡಗುಗಳು ಒಂದು ಉತ್ತಮ ಭಿತ್ತಿಚಿತ್ರಕ್ಕೆ ವಸ್ತುವಾಗಬಹುದಿತ್ತು. ಆದರೆ ಶಾಸನವು ಮಾದರಿಯ ಚಿತ್ರವನ್ನು ಒದಗಿಸುವುದಿಲ್ಲ. ಮಾದರಿ ಇರುವ ಸುಳ್ಳು ಗೋಡೆಗೆ ಬರುತ್ತದೆ, ಮಾದರಿ ಇಲ್ಲದ ನಿಜ ಗ್ರಂಥಾಲಯದಲ್ಲಿ ಉಳಿಯುತ್ತದೆ.

ಎರಡನೆಯ ಉದಾಹರಣೆ ಒನಕೆ ಓಬವ್ವನದು. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಹೈದರನ ಸೈನಿಕರನ್ನು ಒನಕೆಯಿಂದ ಕೊಂದ ಕಾವಲುಗಾರನ ಹೆಂಡತಿಯ ಕಥೆಯನ್ನು ನಾಡು ಮೊದಲಿನಿಂದ ಕೇಳಿತ್ತು. ಅವಳಿಗೆ ಮುಖವನ್ನು ಕೊಟ್ಟದ್ದು ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972). ಆ ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡರು. ಅಂದಿನಿಂದ ಗೋಡೆಯ ಓಬವ್ವ ಕಟ್ಟಿದ ಕಚ್ಚೆ, ಮೇಲಕ್ಕೆತ್ತಿದ ಒನಕೆ, ಕೆರಳಿದ ಕಣ್ಣು ಇವುಗಳಲ್ಲಿ ಆ ದೃಶ್ಯವನ್ನೇ ಅನುಸರಿಸುತ್ತಾಳೆ. ಇದಕ್ಕೆ ಕ್ಯಾಲೆಂಡರಿನ ಸ್ತ್ರೀದೇಹ ಸೇರಿದಾಗ ಇನ್ನೊಂದು ಬದಲಾವಣೆ ಆಗುತ್ತದೆ. ಪಂಡಿತರ ಮೇನಕೆ, ದಮಯಂತಿಯರಿಗೆ ಯೋಗ್ಯವಾದ ನುಣುಪು, ಆಭರಣ, ನಡುವಿನ ಬಾಗು ಕಾವಲುಗಾರನ ಹೆಂಡತಿಗೂ ಬರುತ್ತವೆ. ಅವಳು ನೀರು ತರಲು ಹೋಗಿದ್ದವಳು, ಗಂಡನಿಗೆ ಅನ್ನ ಬಡಿಸುತ್ತಿದ್ದವಳು, ದುಡಿಮೆಯ ಕೈಯವಳು ಎಂಬ ಕಥೆಯ ತಿರುಳು ಮರೆಯಾಗುತ್ತದೆ. ಒನಕೆ ಆಯುಧವಾಗಿ ಹೊಳೆಯುತ್ತದೆ. ಅದು ಕುಟ್ಟುವ ಸಾಧನವಾಗಿತ್ತೆಂಬುದು ಮರೆತುಹೋಗುತ್ತದೆ. ಪುರಾಣದ ದೇಹವು ರಾಜನಿಗೆ ತೊಡವಾಗಬಹುದು. ದುಡಿಯುವ ಸ್ತ್ರೀಗೆ ಅದು ಮುಸುಕಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಈ ಚಿತ್ರಪರಂಪರೆಯ ಅತ್ಯಂತ ಗಂಭೀರವಾದ ಮಿತಿ ಇದು. ಸತ್ಯಾಶ್ರಯನನ್ನು ಭೀಮನೆನ್ನುವಲ್ಲಿ ಅರಸುಗುಲದ ಒಬ್ಬನನ್ನು ಅರಸುಗುಲದ ಇನ್ನೊಬ್ಬನೊಡನೆ ಹೊಂದಿಸಲಾಯಿತು. ಓಬವ್ವನಿಗೆ ಅಪ್ಸರೆಯ ದೇಹವನ್ನು ಕೊಡುವಲ್ಲಿ ಹೊಂದಾಣಿಕೆಯೇ ಇಲ್ಲ.

7

ನಕಲು ಮತ್ತು ಮೂಲದ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ಪರಿಶೀಲಿಸಬೇಕು. ಭಿತ್ತಿಚಿತ್ರಗಳು ಕ್ಯಾಲೆಂಡರಿನ ನಕಲುಗಳಾದ್ದರಿಂದ ಅಧ್ಯಯನಕ್ಕೆ ಯೋಗ್ಯವಲ್ಲವೆಂಬ ಮಾತು ಕೇಳಿಬರುತ್ತದೆ. ಆದರೆ ಕರ್ನಾಟಕದ ಅತಿಪ್ರಸಿದ್ಧ ಚಾರಿತ್ರಿಕ ಭಿತ್ತಿಚಿತ್ರವನ್ನೇ ತೆಗೆದುಕೊಳ್ಳಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ ಟಿಪ್ಪು ಸುಲ್ತಾನನು ಬರೆಸಿದ ಪೊಳ್ಳಿಲೂರು ಯುದ್ಧದ (1780) ಚಿತ್ರವನ್ನು ನಾವು ಇಂದು ನೋಡುತ್ತೇವೆ. 1799ರ ಬಳಿಕ ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿಯ ಕಾಲದಲ್ಲಿ ಒಮ್ಮೆ, ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಡಾಲ್‌ಹೌಸಿಯ ಆದೇಶದಂತೆ ಮತ್ತೊಮ್ಮೆ ಅದು ಜೀರ್ಣೋದ್ಧಾರಗೊಂಡಿದೆ. ಇಂಗ್ಲಿಷರ ಸೋಲಿನ ಚಿತ್ರವನ್ನು ಇಂಗ್ಲಿಷರೇ ಪುನಃ ಬರೆಸಿದರೆಂಬುದು ವಿಚಿತ್ರವಾದರೂ ನಿಜ. ಅದೇ ಯುದ್ಧದ ಚಿತ್ರಗಳು ಕಾಗದದ ಮೇಲೆಯೂ ದೊರೆತಿವೆ. ನಾವು ‘ಮೂಲ’ವೆಂದು ಗೌರವಿಸುವ ಗೋಡೆಯೂ ಹೀಗೆ ಹಲವು ಕೈಗಳ ಪಾಠಾಂತರವೇ ಆಗಿದೆ.

ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ತಪ್ಪನ್ನು ನಾವು ತಿದ್ದುತ್ತೇವೆ. ಆದರೆ ಮೊದಲು ಅದನ್ನು ದಾಖಲಿಸುತ್ತೇವೆ. ಏಕೆಂದರೆ ತಪ್ಪು ಎಲ್ಲಿ ಮೊದಲಾಯಿತು, ಯಾವ ಪ್ರತಿಯಿಂದ ಯಾವ ಪ್ರತಿಗೆ ಹೋಯಿತು ಎಂಬುದರಿಂದಲೇ ಪ್ರತಿಗಳ ವಂಶವೃಕ್ಷ ತಿಳಿಯುತ್ತದೆ. ಭಿತ್ತಿಚಿತ್ರಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಒಬ್ಬ ರಾಜನ ಕಿರೀಟ, ಒಂದು ಕುದುರೆಯ ಎತ್ತಿದ ಕಾಲು, ಬೆನ್ನಹಿಂದಿನ ಸೂರ್ಯ ಇವುಗಳನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಹಿಂಬಾಲಿಸಿದರೆ ಯಾವ ಕ್ಯಾಲೆಂಡರು, ಯಾವ ಸಿನಿಮಾ, ಯಾವ ಪಠ್ಯಪುಸ್ತಕ ಯಾವ ಪ್ರಾಂತವನ್ನು ಆಳಿತೆಂಬುದು ತಿಳಿಯುತ್ತದೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿರುವ ದಸರಾ ಮೆರವಣಿಗೆಯ ಚಿತ್ರಗಳು ಇದಕ್ಕೆ ಒಳ್ಳೆಯ ಹೋಲಿಕೆ. ಅವು ಛಾಯಾಚಿತ್ರಗಳನ್ನು ಆಧರಿಸಿದವು. ಅವುಗಳಲ್ಲಿ ಮುಖಗಳು ನಿಜವಾದ ಮುಖಗಳು. ಅಲ್ಲಿ ಮಾದರಿಯು ದಾಖಲೆ, ಇಲ್ಲಿ ಮಾದರಿಯು ಕಲ್ಪನೆ. ಎರಡನ್ನೂ ‘ಚಾರಿತ್ರಿಕ ಭಿತ್ತಿಚಿತ್ರ’ವೆಂಬ ಒಂದೇ ಹೆಸರಿನಿಂದ ಕರೆಯುತ್ತಿರುವುದೇ ನಮ್ಮ ಗೊಂದಲಕ್ಕೆ ಕಾರಣವಾಗಿದೆ.

8

ಕಲಬುರಗಿಯಲ್ಲಿ ಪಂಡಿತರ ಹೆಸರಿನ ರಂಗಮಂದಿರವಿದೆ. ಅವರ ಹೆಸರು ಅಲ್ಲಿ ಊರಿನ ಹೆಮ್ಮೆಯಾಗಿ ಉಳಿದಿದೆ. ಆದರೆ ಅವರ ಚಿತ್ರಭಾಷೆಯು ಬದುಕಿರುವುದು ಹೆಸರಿಲ್ಲದ ಗೋಡೆಗಳಲ್ಲಿ. ಸುಣ್ಣ ಬಳಿಯುವ ಹೊತ್ತಿಗೆ, ರಸ್ತೆ ಅಗಲಿಸುವ ಹೊತ್ತಿಗೆ ಆ ಗೋಡೆಗಳು ಹೋಗುತ್ತವೆ. ತಾಳೆಯೋಲೆಗೆ ಮಠವಿತ್ತು, ಶಾಸನಕ್ಕೆ ಇಲಾಖೆಯಿದೆ. ಇವಕ್ಕೆ ಯಾವುದೂ ಇಲ್ಲ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲಿ ವಿಶೇಷವಾದ ಪಾಲಿದೆ. ಕರ್ನಾಟಕದಲ್ಲಿರುವವರು ಗೋಡೆಗಳನ್ನು ದಾಖಲಿಸಬಹುದು; ಆ ಗೋಡೆಗಳ ಮೂಲಪ್ರತಿಗಳು ಮಾತ್ರ ಮುಂಬಯಿಯಲ್ಲಿ ಅಚ್ಚಾದವು. ಹಳೆಯ ಪತ್ರಿಕೆಗಳ ಮುಖಪುಟಗಳು, ವ್ಯಾಪಾರಸಂಸ್ಥೆಗಳ ಕ್ಯಾಲೆಂಡರುಗಳು, ಚಿತ್ರಮಂದಿರಗಳ ಪ್ರಚಾರಪತ್ರಗಳು ಅಲ್ಲಿನ ಸಂಗ್ರಹಗಳಲ್ಲಿ, ಹಳೆಯ ಸಾಮಾನಿನ ಅಂಗಡಿಗಳಲ್ಲಿ, ಕನ್ನಡ ಕುಟುಂಬಗಳ ಪೆಟ್ಟಿಗೆಗಳಲ್ಲಿ ಹುಡುಕಬೇಕಾದವು. ಕುರ್ಲಾ ಪೂರ್ವದಲ್ಲಿ ಬಂಟರ ಸಂಘದ ಭವನವಿದೆ. ಅದರ ನೆರೆಯ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಕುರ್ಲಾ, ಚೆಂಬೂರು ಪರಿಸರದ ಹಳೆಯ ಕನ್ನಡ ಮನೆಗಳಲ್ಲಿ ಗೋಡೆಯಿಂದ ಇಳಿಸಿದ ಒಂದು ಕ್ಯಾಲೆಂಡರು ಕಲಬುರಗಿ ಅಥವಾ ಚಿತ್ರದುರ್ಗದ ಒಂದು ಗೋಡೆಯನ್ನು ವಿವರಿಸಬಲ್ಲದು. ಸಾಹಿತ್ಯ ಸಂಘಟನೆಗೆ ಹೆಸರಾದ ಮುಂಬಯಿ ಕನ್ನಡಿಗರು ಈ ಚಿತ್ರಸಂಪತ್ತಿನ ಕಡೆಗೂ ಗಮನ ಹರಿಸುವುದು ಅಗತ್ಯ.

ಆಗಬೇಕಾದ ಕೆಲಸವನ್ನು ಹೀಗೆ ಹೇಳಬಹುದು: ಭಿತ್ತಿಚಿತ್ರಗಳನ್ನು ಊರು, ಸ್ಥಳ, ವರ್ಷ, ಬರೆಸಿದವರು, ಬರೆದವರು ಎಂಬ ವಿವರಗಳೊಂದಿಗೆ ದಾಖಲಿಸುವುದು, ಮಾದರಿಯ ಅಚ್ಚುಚಿತ್ರಗಳೊಡನೆ ಹೋಲಿಸುವುದು, ಬ್ಯಾನರ್ ಕಲಾವಿದರು ಬದುಕಿರುವಾಗಲೇ ಅವರ ಮಾತುಗಳನ್ನು ಬರೆದುಕೊಳ್ಳುವುದು. ಇದರ ಜೊತೆಗೆ ಇತಿಹಾಸ ಬಲ್ಲವರು ಗೋಡೆಗೆ ಬಣ್ಣ ಬೀಳುವ ಮೊದಲೇ ಚಿತ್ರಕಾರನ ಬಳಿಗೆ ಹೋಗಬೇಕು. ಅವನಿಗೆ ನಾವು ಕೊಡದಿರುವ ಮಾದರಿಯನ್ನು ಕ್ಯಾಲೆಂಡರು ಕೊಟ್ಟಿತು; ಅದಕ್ಕಾಗಿ ಅವನನ್ನು ನಿಂದಿಸುವ ಅಧಿಕಾರ ನಮಗಿಲ್ಲ. ವೀರಗಲ್ಲಿನ ಯುದ್ಧದೃಶ್ಯ, ದೇವಾಲಯದ ಭಿತ್ತಿಯ ಹಡಗು, ಒನಕೆ ಹಿಡಿದ ನಿಜವಾದ ಕೈ ಇವುಗಳನ್ನು ನಾವು ಮಾದರಿಯಾಗಿ ಅವನ ಮುಂದಿಟ್ಟರೆ, ಪಂಡಿತರ ಪರಂಪರೆಯಲ್ಲಿ ಪಳಗಿದ ಆ ಕೈ ಅದನ್ನು ಬರೆಯದೆ ಬಿಡುವುದಿಲ್ಲ.